ಮುರ್ಮಾನ್ ಕೈ ಎತ್ತಿದ್ದು ಎರಡೇ ಸಲ

ಮುರ್ಮಾನ್ ಕೂತಲ್ಲಿ ಕೂರುವ ಆಸಾಮಿಯಲ್ಲ. ಗುರಿಯಾ ಸೀಮೆಯ ನಾವ್ಯಾರೂ ಹಾಗೆ ಕೂರುವವರಲ್ಲ ಅನ್ನಿ. ನಮ್ಮ ಮಾತೂ ಓಟ, ನಡಿಗೆಯೂ ಓಟ, ಜಗಳದ ವಿಷಯ ಕೇಳಲೇ ಬೇಡಿ. ಆದರೆ ನಮ್ಮಂಥವರಿಗೂ ಅವನನ್ನು ನೋಡಿದರೆ ತಲೆ ತಿರುಗುತ್ತಿತ್ತು. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು ಕಿಟಕಿಯ ಹತ್ತಿರ ಹೋಗುವನು. ಮದುವೆ ಮನೆಯಲ್ಲಿ ಎಲ್ಲರೂ ಮೇಜಿಗೆ ಕೂತಿದ್ದರೆ ಇವನೊಬ್ಬ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿರುವನು. ಆ ವರ್ಷದ ಈಸ್ಟರ್ ಬೆಳಿಗ್ಗೆಯಂತೂ, ಹೆಂಡತಿ ಲಾಮ್ಜಿರಾ ಕೆಂಪು ಬಣ್ಣದ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಜೋಡಿಸುವಷ್ಟರಲ್ಲಿ, ಅಂಗಳದ ಗೇಟನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಅವಳ ತಲೆ ಚಿಟ್ಟು ಹಿಡಿಸಿದ್ದ.

"ಆ ಗೇಟು ನಿಂಗೇನ್ ಮಾಡಿದೆ? ಬಂದು ಕೂತ್ಕೊ."

"ಕೀಲು ಕಿರುಗುಟ್ತಿದೆ. ಎಣ್ಣೆ ಬಿಡ್ಬೇಕು."

"ಕಿರುಗುಟ್ತಿರೋದು ಕೀಲಲ್ಲ, ನೀನು."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸಂಜೆ ಚೆಂಡಾಟ. ಆ ಆಟದಲ್ಲಿ ತಾನು ಯಾರನ್ನು ಗೆಲ್ಲಿಸಿದರೂ ಒಬ್ಬರಿಗೆ ಮೋಸ ಮಾಡಿದ ಹಾಗೆ ಎಂಬುದು ಅವನಿಗೆ ಗೊತ್ತಿತ್ತು. ಆ ಇಬ್ಬರೂ ಸತ್ತವರು. ಬದುಕಿದ್ದವರಾದರೆ ಕಾಲು ಹಿಡಿದಾದರೂ ಸಮಾಧಾನ ಮಾಡಬಹುದಿತ್ತು.

ನಮ್ಮದು ಒಂದೇ ರಸ್ತೆಯ ಎರಡು ಊರು. ಮೇಲಿನೂರಿನ ಆಚೆ ಒಂದು ಹಳ್ಳ, ಕೆಳಗಿನೂರಿನ ಆಚೆ ಒಂದು ಹಳ್ಳ. ಈಸ್ಟರ್ ಸಂಜೆ ಎರಡು ಊರಿನ ಗಂಡಸರೆಲ್ಲ ನಡುರಸ್ತೆಯಲ್ಲಿ ಸೇರುತ್ತಾರೆ. ಪಾದ್ರಿ ಚೆಂಡು ಎಸೆಯುತ್ತಾರೆ. ಅದು ಚರ್ಮದ ಚೆಂಡು. ಒಳಗೆ ಮಣ್ಣು, ಮರದ ಹೊಟ್ಟು ತುಂಬಿ, ಮೇಲೆ ವೈನು ಕುಡಿಸಿ ಹೊಲಿದದ್ದು. ಒಂದು ಕುರಿಮರಿಯ ತೂಕ. ತಮ್ಮ ಊರಿನ ಹಳ್ಳದ ಆಚೆ ದಡ ಮುಟ್ಟಿಸಿದವರು ಗೆದ್ದರು. ಎಷ್ಟು ಜನ ಆಡಬೇಕು, ಎಷ್ಟು ಹೊತ್ತು ಆಡಬೇಕು ಎಂಬುದೇನೂ ಇಲ್ಲ. ನಿಯಮ ಅಂತ ಇರುವುದು ಒಂದೇ: ಯಾರಾದರೂ ಕಾಲಡಿಗೆ ಬಿದ್ದರೆ, ಕಂಡವನು ಕೈ ಎತ್ತುತ್ತಾನೆ, ಕೈ ಮೇಲಿರುವಷ್ಟು ಹೊತ್ತು ಎಲ್ಲರೂ ಇದ್ದಲ್ಲೇ ನಿಲ್ಲಬೇಕು.

ಗೆದ್ದ ಊರಿನವರು ಆ ಚೆಂಡನ್ನು ತಮ್ಮಲ್ಲಿ ಆ ವರ್ಷ ತೀರಿಕೊಂಡವರ ಗೋರಿಯ ಮೇಲೆ ಇಡುತ್ತಾರೆ. ಹೊಸ ಗೋರಿಗೆ ಸಿಗುವುದು ಒಂದೇ ಈಸ್ಟರು. ಆ ಸಲ ಸೋತರೆ ಸೋತ ಹಾಗೆ. ಮುಂದಿನ ವರ್ಷ ಸರದಿ ಬೇರೆಯವರದು.

ಆ ಚಳಿಗಾಲದಲ್ಲಿ ಮುರ್ಮಾನ್‌ನ ತಾಯಿ ಬಾಬುತ್ಸಾ ಮೇಲಿನೂರಿನಲ್ಲಿ ತೀರಿಕೊಂಡಿದ್ದಳು. ಊರಿನ ಅರ್ಧ ಗಂಡಸರು ಚಿಕ್ಕಂದಿನಲ್ಲಿ ಆಕೆಯ ಕೈಯ ಮೆಕ್ಕೆಜೋಳದ ರೊಟ್ಟಿ ತಿಂದವರೇ. ಈ ಸಲದ ಚೆಂಡು ಆಕೆಗೇ ಎಂದು ಮೇಲಿನೂರಿನವರು ಹೇಳಿಯಾಗಿತ್ತು. ಆದರೆ ಮುರ್ಮಾನ್ ಆಡಬೇಕಾಗಿದ್ದದ್ದು ಕೆಳಗಿನೂರಿನ ಪರ. ಅವನು ಕೆಳಗಿನೂರಿನ ಮನೆ ಅಳಿಯ.

ಮನೆ ಅಳಿಯ ಎಂದರೆ ನಮ್ಮಲ್ಲಿ ಏನು ಮರ್ಯಾದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅವನಾಗಿ ಆಸೆಪಟ್ಟು ಹೋದದ್ದೂ ಅಲ್ಲ. ಲಾಮ್ಜಿರಾಳ ತಮ್ಮ ಬೊಂದೊ, ಮೀಸೆ ಸರಿಯಾಗಿ ಬಲಿಯದ ಹುಡುಗ, ಕಿತ್ತಳೆ ತುಂಬಿದ ಲಾರಿಯ ಜೊತೆ ಕಣಿವೆಗೆ ಬಿದ್ದು ಸತ್ತ. ವಯಸ್ಸಾದ ಅಪ್ಪ ಅಮ್ಮನಿಗೆ ದಿಕ್ಕಿಲ್ಲವಾಯಿತು. ಮದುವೆಯಾಗಿ ಇನ್ನೂ ವರ್ಷ ತುಂಬದ ಮುರ್ಮಾನ್ ಬಟ್ಟೆಯ ಗಂಟು ಕಟ್ಟಿಕೊಂಡು ಹೆಂಡತಿಯ ಜೊತೆ ಕೆಳಗಿಳಿದು ಬಂದ. ಇಳಿದ ದಿನವೇ, ಚೆಂಡು ಹೊಲಿಯುವ ಚಮ್ಮಾರ ವಾಲಿಕೊ ಅಂಗಡಿಯ ಬಾಗಿಲಲ್ಲಿ ನಿಂತು, "ಬನ್ನಿ ಅಳಿಯಂದ್ರೇ, ಬನ್ನಿ! ಬಲಗಾಲಿಟ್ಟು ಬನ್ನಿ!" ಎಂದು ಕೂಗಿದ್ದ. ಅಲ್ಲಿಂದ ಅವನ ಹೆಸರು ಅಳಿಯಂದಿರು ಎಂದೇ ಆಯಿತು.

ಅದಕ್ಕೆ ಮೊದಲು ಅವನು ನಮ್ಮ ದೇಶದ ರಾಜಧಾನಿ ತ್ಬಿಲಿಸಿಯಲ್ಲಿದ್ದ. ಯಂತ್ರಗಳ ಓದಿಗೆಂದು ಹೋದವನು ಕಲಿತದ್ದು ರಗ್ಬಿ. ಫ್ರಾನ್ಸಿನಿಂದ ಬಂದ ಒಬ್ಬ ಮನುಷ್ಯ ಕುದುರೆ ಓಟದ ಬಯಲಿನಲ್ಲಿ ನಾಲ್ಕು ಹುಡುಗರ ಕೈಗೆ ಮೊಟ್ಟೆಯಾಕಾರದ ಚೆಂಡು ಕೊಟ್ಟಿದ್ದರಿಂದ ಇದೆಲ್ಲ ಶುರುವಾಯಿತಂತೆ. ಮಿಕ್ಕ ಊರುಗಳ ಹುಡುಗರು ಆ ಚೆಂಡನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತಿದ್ದಾಗ, ಗುರಿಯಾದಿಂದ ಹೋದವರು ತಲೆ ತಗ್ಗಿಸಿ ಗುಂಪಿಗೆ ನುಗ್ಗಿಬಿಟ್ಟಿದ್ದರು. ನಮಗೆ ಅದರಲ್ಲಿ ಕಲಿಯುವುದೇನಿತ್ತು? ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. ಆ ಅಂಕಕ್ಕೆ ಇಂಗ್ಲಿಷರು ಏನು ಬೇಕಾದರೂ ಅನ್ನಲಿ, ನಮ್ಮ ದೇಶದಲ್ಲಿ ಅದಕ್ಕೆ ಲೆಲೊ ಎಂದೇ ಹೆಸರು ಬಿತ್ತು. ಲೆಲೊ ಅಂದರೆ ನಮ್ಮ ಈಸ್ಟರ್ ಚೆಂಡಾಟವೇ. ಇದನ್ನು ಹೇಳುವಾಗ ನಮಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ.

ಮುರ್ಮಾನ್ ತಳ್ಳುವವರ ಮುಂದಿನ ಸಾಲಿನಲ್ಲಿ ಆಡುತ್ತಿದ್ದ. ಕುತ್ತಿಗೆ ಗೂಳಿಯದು, ಕಾಲು ಮೇಜಿನವು. ಅಲ್ಲಿ ಅವನಿಗೊಂದು ನೆಮ್ಮದಿ ಇತ್ತು: ಯಾರ ಕಡೆಯವನು ಎಂಬುದನ್ನು ಅಂಗಿಯ ಬಣ್ಣವೇ ಹೇಳುತ್ತಿತ್ತು. ಆಟ ಅವನ ಮೈಗೆ ಎಷ್ಟು ಹತ್ತಿತ್ತೆಂದರೆ, ನಿದ್ದೆಯಲ್ಲಿ ದಿಂಬನ್ನು ನೆಲಕ್ಕೆ ಒತ್ತುತ್ತಿದ್ದನಂತೆ. ಆ ಹಾಳು ಅಭ್ಯಾಸವೇ ಅವನ ಮನೆ ಹಾಳು ಮಾಡಿತು.

ಮುರ್ಮಾನ್ ಕೆಳಗಿಳಿದು ಬಂದ ವರ್ಷದ ಈಸ್ಟರು, ಬೊಂದೊನ ಗೋರಿಗೆ ಸಿಕ್ಕ ಒಂದೇ ಈಸ್ಟರು ಅದು. ಮುರ್ಮಾನ್ ಕೆಳಗಿನೂರಿನ ಪರ ಆಡಿದ ಮೊದಲ ಆಟವೂ ಅದೇ. ಹೊತ್ತು ಮುಳುಗುವ ಹೊತ್ತಿಗೆ ಗುಂಪು ಕೆಳಗಿನ ಹಳ್ಳದ ಹತ್ತಿರ ಬಂದಿತ್ತು. ಯಾವುದೋ ಸಂದಿನಲ್ಲಿ ಚೆಂಡು ಇವನ ಎದೆಗೆ ಬಂತು. ಕುರಿಮರಿಯನ್ನು ಅಪ್ಪಿಕೊಂಡ ಹಾಗೆ ಅಪ್ಪಿಕೊಂಡು ಇವನು ಗುಂಪನ್ನು ಸೀಳಿ ಓಡಿದ. ಎದುರಿಗೆ ಹಳ್ಳದ ದಡ, ಕಲ್ಲಿಗೆ ಸುಣ್ಣ ಬಳಿದ ಅಂಚು. ಬಿಳಿ ಗೆರೆ ಕಂಡದ್ದೇ ತಡ, ಮೈ ತನಗೆ ತಾನೇ ತ್ಬಿಲಿಸಿಗೆ ಹೋಯಿತು. ಇವನು ಹಾರಿ ಬಿದ್ದು, ಚೆಂಡನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿ, ಎದ್ದು ನಿಂತು ಖುಷಿಯಿಂದ ಕೈ ಎತ್ತಿದ. ಈಚೆ ದಡದಲ್ಲಿ!

ಕೈ ಮೇಲೆ ಹೋದದ್ದನ್ನು ಕಂಡು ಎಲ್ಲರೂ ನಿಂತರು. ಯಾರೋ ಬಿದ್ದಿದ್ದಾನೆ ಎಂದುಕೊಂಡು ಕೆಳಗಿನೂರಿನವರು ತಮ್ಮ ಕಾಲಡಿಯನ್ನು ಹುಡುಕತೊಡಗಿದರು. ಯಾರೂ ಬಿದ್ದಿರಲಿಲ್ಲ. ತಾನು ಮಾಡಿದ್ದೇನೆಂದು ಇವನಿಗೆ ಹೊಳೆದು ಕೈ ಇಳಿಯಿತು. ಕೈ ಇಳಿದರೆ ಆಟ ಶುರು. ನೆಲದ ಮೇಲಿದ್ದ ಚೆಂಡಿಗೆ ಹತ್ತಿರವಿದ್ದವರು ಮೇಲಿನೂರಿನವರು. ಬಾಚಿಕೊಂಡು ಓಡಿದವರು ನಿಂತದ್ದು ತಮ್ಮ ಹಳ್ಳದ ಆಚೆ ದಡದಲ್ಲೇ. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು, ಯಾರೂ ಬಾಯಿ ಬಿಡುವ ಹಾಗಿರಲಿಲ್ಲ.

ಬೊಂದೊನ ಗೋರಿ ಬರಿದಾಗಿ ಉಳಿಯಿತು. ಮಾವ ಏನೂ ಅನ್ನಲಿಲ್ಲ, ಅತ್ತೆ ಏನೂ ಅನ್ನಲಿಲ್ಲ, ಲಾಮ್ಜಿರಾ ಏನೂ ಅನ್ನಲಿಲ್ಲ. ಆ ಮೌನ ಇವನನ್ನು ಸುಟ್ಟಿತು. ಊರು ಮಾತ್ರ ಆಡಬೇಕಾದ್ದನ್ನೆಲ್ಲ ಆಡಿತು. "ರಕ್ತ ಎಲ್ಲಿಂದ ಬಂತೋ ಅಲ್ಲಿಗೇ ಹರಿಯತ್ತೆ" ಅಂದವರಿದ್ದರು. "ಅಳಿಯಂದ್ರ ಕೈ ಜೋಪಾನ ಕಣ್ರೋ, ಕಟ್ಟಿಹಾಕಿ!" ಎಂದು ವಾಲಿಕೊ ಪ್ರತಿ ಈಸ್ಟರಿಗೂ ಹಗ್ಗ ತಂದು ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು, ಇವನೂ ನಗುತ್ತಿದ್ದ. ಆದರೆ ಅಲ್ಲಿಂದ ಮುಂದೆ ಅವನು ಆಟದಲ್ಲಿ ಕೈ ಎತ್ತಲೇ ಇಲ್ಲ. ಯಾರಾದರೂ ಬಿದ್ದದ್ದು ಕಂಡರೆ ಪಕ್ಕದವನ ಕೈ ಹಿಡಿದು ಅದನ್ನೇ ಮೇಲೆತ್ತುತ್ತಿದ್ದ.

ಕೂರಲಾರದ ರೋಗ ಅವನಿಗೆ ಅಂಟಿದ್ದು ಆಗಲೇ. ಚಹಾ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುವ ಕೆಲಸ ಸಿಕ್ಕಿತು. ಅದು ಇವನ ಜಾಯಮಾನಕ್ಕೆ ಸರಿಹೋಯಿತು. ಆಮೇಲೆ ನಾವೂ ರಷ್ಯನ್ನರೂ ಒಟ್ಟಿಗಿದ್ದ ದೊಡ್ಡ ದೇಶ ಒಡೆಯಿತು, ತೋಟ ಮುಚ್ಚಿತು, ಕರೆಂಟು ಹೋಯಿತು, ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲದೆ ತುಕ್ಕು ಹಿಡಿಯಿತು. ಇವನು ಸುಮ್ಮನಿದ್ದಾನೆಯೇ? ಎರಡೂ ಊರಿನ ಪೋಕರಿ ಹುಡುಗರನ್ನು ಕಲೆಹಾಕಿ, ಆ ಟ್ರ್ಯಾಕ್ಟರನ್ನು ಗೇರಿನಲ್ಲಿ ನಿಲ್ಲಿಸಿ, ಹೆಗಲು ಕೊಟ್ಟು ತಳ್ಳಲು ಹಚ್ಚಿದ. ತ್ಬಿಲಿಸಿಯ ದೊಡ್ಡ ತಂಡವೂ ಆ ದಿನಗಳಲ್ಲಿ ಹೀಗೇ ತಳ್ಳುತ್ತಿತ್ತಂತೆ. ಬ್ರೆಡ್ಡಿಗೆ ಸಾಲು ನಿಲ್ಲುವ ದೇಶದಲ್ಲಿ ಹಸಿದ ಹೊಟ್ಟೆಯವರು ಕಬ್ಬಿಣ ತಳ್ಳುವುದೇ ಒಂದು ಆಟವಾಯಿತು. ಇವನು ತಯಾರು ಮಾಡಿದ ಹುಡುಗರಲ್ಲಿ ಇಬ್ಬರು ಫ್ರಾನ್ಸಿನ ಸಣ್ಣ ಊರುಗಳ ತಂಡ ಸೇರಿ ಹೊಟ್ಟೆ ಹೊರೆದುಕೊಂಡರು.

ತ್ಬಿಲಿಸಿಯಲ್ಲಿ ರಷ್ಯನ್ನರನ್ನು ಸೋಲಿಸಿ ವಿಶ್ವಕಪ್ಪಿಗೆ ಹೋದೆವಲ್ಲ, ಆವತ್ತು ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುರ್ಮಾನ್ ಬಸ್ಸಿನಲ್ಲಿ ನಿಂತೇ ಹೋಗಿದ್ದ, ಆಟವನ್ನೂ ನಿಂತೇ ನೋಡಿದ, ನಿಂತೇ ವಾಪಸ್ಸು ಬಂದ. ರಗ್ಬಿ ಇಡೀ ದೇಶದ ಆಟವಾದದ್ದು ಯಾವಾಗ ಎಂದು ಪೇಪರಿನವರು ಏನೇನೋ ಬರೆಯುತ್ತಾರೆ. ನನ್ನನ್ನು ಕೇಳಿದರೆ ಅದು ಆ ಸಂಜೆಯೇ. ಕುಸ್ತಿ ಇತ್ತು, ಫುಟ್‌ಬಾಲ್ ಇತ್ತು, ಎಲ್ಲ ಇತ್ತು; ಆದರೆ ನಮಗಿಂತ ದೊಡ್ಡವನಿಗೆ ಎದೆ ಕೊಟ್ಟು ಒಂದೊಂದೇ ಅಡಿ ಹಿಂದಕ್ಕೆ ತಳ್ಳುವ ಆಟ ಬೇರೆ ಯಾವುದಿತ್ತು? ಮುಂದಿನ ವರ್ಷ ವಿಶ್ವಕಪ್ಪಿನಲ್ಲಿ ಆಡಿದ್ದೆಲ್ಲವನ್ನೂ ಸೋತೆವು. ಆದರೂ ಪ್ರತಿ ಸೋಲಿಗೂ ಹಬ್ಬ ಮಾಡಿದೆವು, ಅದು ಬೇರೆ ಮಾತು.

ಟಿವಿಯಲ್ಲಿ ಆ ಸೋಲುಗಳನ್ನು ಮಗನ ಜೊತೆ ಕೂತು ನೋಡಿದ್ದು ಬಾಬುತ್ಸಾಳ ಕೊನೆಯ ಸಂತೋಷ. ಆಕೆ ಕೂತಿದ್ದಳು, ಮಗ ನಿಂತಿದ್ದ.

"ಮಗಾ, ನಾನು ಸತ್ತ ವರ್ಷ ಆ ಚೆಂಡನ್ನ ನೀನು ಯಾವ ಕಡೆ ತಳ್ತೀಯೋ ನೋಡ್ಬೇಕು ಅಂತ ನಂಗೆ ಬಲೇ ಆಸೆ ಕಣೋ," ಎಂದಿದ್ದಳು ಆಕೆ. "ಏನ್ ಮಾಡ್ಲಿ, ನೋಡೋಕೆ ನಾನಿರಲ್ಲ."

"ಬಾಯ್ ಮುಚ್ಚಮ್ಮ."

"ನಿನ್ ಹೆಂಡ್ತಿ ಕಡೆಗೇ ತಳ್ಳು. ನಂಗೇನು, ಮಣ್ಣು ತಿನ್ನೋಳಿಗೆ ಚೆಂಡ್ಯಾಕೆ?" ಅಂದವಳ ಕಣ್ಣು ಮಾತ್ರ ಬೇರೆಯೇ ಹೇಳುತ್ತಿತ್ತು. ಚಳಿ ಜೋರಾದಾಗ ಹೋಗಿಬಿಟ್ಟಳು.

ಈಸ್ಟರಿನ ಹಿಂದಿನ ದಿನ ವಾಲಿಕೊನ ಅಂಗಡಿಯಲ್ಲಿ ಚೆಂಡು ತುಂಬುವ ಕೆಲಸ ನಡೆಯುತ್ತಿತ್ತು. ಮುರ್ಮಾನ್ ವೈನಿನ ಹೂಜಿ ಹಿಡಿದು ನಿಂತಿದ್ದ. ಆ ವರ್ಷ ಕೆಳಗಿನೂರಿನಲ್ಲಿ ದೇವರ ದಯೆಯಿಂದ ಯಾರೂ ಸತ್ತಿರಲಿಲ್ಲ. ಹಾಗಾದರೆ ಗೆದ್ದರೆ ಚೆಂಡು ಯಾರಿಗೆ ಎಂಬ ಮಾತು ಬಂತು. ವಾಲಿಕೊ ದಬ್ಬಳವನ್ನು ಕೂದಲಿಗೆ ಒರೆಸಿಕೊಂಡು ಹೇಳಿದ: "ಬೊಂದೊಗೆ. ಅವನದೊಂದು ಬಾಕಿ ಇದೆ. ಅಳಿಯಂದ್ರೇ, ಏನಂತೀರಿ?"

ಎಲ್ಲರ ಕಣ್ಣೂ ಇವನ ಮೇಲೆ.

"ಬೊಂದೊಗೆ ಅಂದ್ಮೇಲೆ ಬೊಂದೊಗೆ," ಎಂದು ಮುರ್ಮಾನ್ ವೈನು ಸುರಿದ. ಅರ್ಧ ಚೆಂಡಿಗೆ ಬಿತ್ತು, ಅರ್ಧ ನೆಲಕ್ಕೆ.

ಹಾಗಾಗಿಯೇ ಈಸ್ಟರ್ ಬೆಳಿಗ್ಗೆ ಗೇಟಿಗೆ ಆ ಗತಿ ಬಂದದ್ದು. ಲಾಮ್ಜಿರಾ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಬೊಂದೊನ ಈಸ್ಟರಿನಿಂದ ಕೇಳದೆ ಉಳಿದಿದ್ದರ ಹತ್ತಿರಕ್ಕೆ ಬಂದಳು.

"ಆವತ್ತು ನೀನು ಬೇಕು ಅಂತ ಮಾಡಿದ್ಯೋ, ತಿಳೀದೆ ಮಾಡಿದ್ಯೋ, ನಾನು ಕೇಳೇ ಇಲ್ಲ."

ಅವನ ಕೈ ಗೇಟಿನ ಮೇಲೇ ನಿಂತಿತು. "ಕೇಳ್ಬಹುದಿತ್ತು."

"ಕೇಳಿದ್ರೆ ತಿಳೀದೆ ಅಂತೀಯ. ಆಮೇಲೆ ನಾನದನ್ನ ನಂಬ್ಬೇಕು. ನಂಬೋಕಾಗ್ದೆ ಹೋದ್ರೆ ಒಂದೇ ಮನೇಲಿ ಬಾಳೋದು ಹೇಗೆ? ಅದಕ್ಕೇ ಸುಮ್ನಿದ್ದೆ."

"ಈಗ ಕೇಳು."

"ಈಗ ಬೇಡ. ಸಂಜೆ ಬೇಲಿ ಹತ್ತಿ ನೋಡ್ತೀನಿ," ಎಂದು ಅವಳು ಒಳಗೆ ಹೋದಳು. ಅವನು ಗೇಟಿಗೆ ಎಣ್ಣೆ ಬಿಟ್ಟ. ಅದು ಮೊದಲೂ ಕಿರುಗುಟ್ಟುತ್ತಿರಲಿಲ್ಲ.

ಸಂಜೆ ಪಾದ್ರಿ ಪ್ರಾರ್ಥನೆ ಮುಗಿಸಿ ಚೆಂಡು ಎಸೆದರು, ಯಾರೋ ಬಂದೂಕು ಹಾರಿಸಿದರು, ರಸ್ತೆಯೇ ಎದ್ದು ಬಿದ್ದಂತಾಯಿತು. ಮೊದಲ ಹೊತ್ತೆಲ್ಲ ಚೆಂಡು ಮೇಲಕ್ಕೇ ಹೋಗುತ್ತಿತ್ತು. ಮುರ್ಮಾನ್ ಗುಂಪಿನ ನಡುವೆ ಸಿಕ್ಕಿಬಿದ್ದಿದ್ದ. ಬೆನ್ನಿಗೆ ಕೆಳಗಿನೂರು, ಎದೆಗೆ ಮೇಲಿನೂರು. ಮೇಲಿನೂರಿನ ಒಬ್ಬ ಅವನ ಕಿವಿಗೇ ಬಾಯಿ ಇಟ್ಟು, "ಯಾರಮ್ಮನ ಚೆಂಡಪ್ಪಾ ಇದು? ನಮ್ಮಮ್ಮನದಾ?" ಎಂದ. ಇವನು ತಲೆ ತಗ್ಗಿಸಿ ತಳ್ಳಿದ. ತಳ್ಳುತ್ತಿದ್ದದ್ದು ಅಮ್ಮನಿಂದ ಆಚೆಗೆ ಎಂಬುದು ಪ್ರತಿ ಹೆಜ್ಜೆಗೂ ನೆನಪಾಗುತ್ತಿತ್ತು. ಆದರೂ ತಳ್ಳಿದ.

ಯಾರದೋ ಬೇಲಿ ಮುರಿಯಿತು, ಕೋಳಿಗೂಡು ನೆಲಸಮವಾಯಿತು. ಗುಂಪು ತಿರುಗಿ ಕೆಳಗಿಳಿಯತೊಡಗಿತು. ಹಳ್ಳದ ನೀರಿನ ಸದ್ದು ಕೇಳಿಸಿತು. ಕೆಳಗಿನೂರಿನ ಹತ್ತಾರು ಕೈಗಳು ಚೆಂಡಿನ ಮೇಲಿದ್ದವು, ಇನ್ನು ನಾಲ್ಕು ನೂಕು ನೂಕಿದರೆ ಮುಗಿಯಿತು. ಆಗ ಮುರ್ಮಾನ್‌ನ ಕಾಲಿಗೆ ಏನೋ ಮೆತ್ತಗೆ ತಗುಲಿತು. ಅದು ಮಣ್ಣಲ್ಲ, ಮನುಷ್ಯ.

ಕೈ ಎತ್ತಲು ಪಕ್ಕದವನ ಕೈ ಹುಡುಕಿದ. ಎಲ್ಲ ಕೈಗಳೂ ಚೆಂಡಿನ ಮೇಲೆ. ಇಲ್ಲಿ ಆಟ ನಿಂತರೆ ಮೇಲಿನೂರಿನವರು ಉಸಿರು ಎಳೆದುಕೊಂಡು ಮತ್ತೆ ಗೋಡೆ ಕಟ್ಟುತ್ತಾರೆ, ಗೆಲುವು ಕೈಜಾರುತ್ತದೆ, ಚೆಂಡು ಅಮ್ಮನ ಗೋರಿಗೆ ಹೋದರೂ ಹೋಯಿತು. ಈ ಊರಿನವರು ಏನೆಂದುಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಲಾಮ್ಜಿರಾ ಬೇಲಿಯ ಮೇಲಿದ್ದಾಳೆ ಎಂಬುದೂ ಗೊತ್ತಿತ್ತು. ಕಾಲಡಿಯದು ಒಮ್ಮೆ ಅಲುಗಿ ಸುಮ್ಮನಾಯಿತು.

ಮುರ್ಮಾನ್ ಕೈ ಎತ್ತಿದ.

ಯಾರೂ ನಿಲ್ಲಲಿಲ್ಲ. "ಅಳಿಯ! ಮತ್ತೆ ಶುರು ಹಚ್ಕೊಂಡ!" ಎಂದು ಯಾರೋ ಕಿರುಚಿದ. ಇವನ ಬೆನ್ನಿಗೆ ಗುದ್ದು ಬಿತ್ತು. ಕೈ ಇಳಿಸದೆ, ಕಾಲಡಿಯವನ ಮೇಲೆ ಕಮಾನಿನ ಹಾಗೆ ನಿಂತುಕೊಂಡು ಇವನು ಇಡೀ ಎರಡು ಊರಿನ ಭಾರವನ್ನು ಬೆನ್ನಲ್ಲಿ ತಡೆದ. ಇನ್ನೊಂದು ಗಳಿಗೆಯಾಗಿದ್ದರೆ ಬೆನ್ನು ಮುರಿಯುತ್ತಿತ್ತು.

"ನಿಲ್ರೋ!" ಬೇಲಿಯ ಮೇಲಿಂದ ಲಾಮ್ಜಿರಾಳ ಕೂಗು ಬಂತು. "ಅವನ ಕೈ ಮೇಲಿದೆ, ಕಾಣಲ್ವಾ? ನಿಲ್ರೋ ಅಂದ್ರೆ!"

ಬೊಂದೊನ ಅಕ್ಕನೇ ನಿಲ್ಲಿ ಎಂದ ಮೇಲೆ ಉಳಿದವರದೇನು? ನಿಂತರು. ಸರಿದು ನೋಡಿದರೆ ಕೆಸರಿನಲ್ಲಿ ಬೋರಲು ಬಿದ್ದಿದ್ದವನು ವಾಲಿಕೊ. ಈ ವಯಸ್ಸಿನಲ್ಲಿ ಒಳಗೆ ನುಗ್ಗಬೇಡ ಎಂದು ಹೆಂಡತಿ ಬಡಿದುಕೊಂಡಿದ್ದಳು, ಕೇಳಿರಲಿಲ್ಲ. ಎತ್ತಿ ಬೆನ್ನಿಗೆ ನಾಲ್ಕು ತಟ್ಟಿದಾಗ ಬಾಯಿಂದ ಕೆಸರು ಬಂತು, ಆಮೇಲೆ ಬೈಗುಳ ಬಂತು. ಬೈಗುಳ ಕೇಳಿದ ಮೇಲೆಯೇ ಎಲ್ಲರಿಗೂ ಜೀವ ಬಂದದ್ದು.

ಮುರ್ಮಾನ್ ಕೈ ಇಳಿಸಿದ. ಮೇಲಿನೂರಿನವರು ಆಗಲೇ ಗೋಡೆ ಕಟ್ಟಿ ನಿಂತಿದ್ದರು. ಮತ್ತೆ ತಳ್ಳಾಟ, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಕತ್ತಲಾಗುವ ಮುಂಚೆ ಚೆಂಡು ಹಳ್ಳಕ್ಕೆ ಬಿತ್ತು, ಅದರ ಜೊತೆ ಎರಡೂ ಊರು ಬಿದ್ದವು. ಸೊಂಟದ ನೀರಿನಲ್ಲಿ ಹೊರಳಾಡಿ ಆಚೆ ದಡಕ್ಕೆ ತಲುಪಿಸಿದ ಕೈಗಳಲ್ಲಿ ಮುರ್ಮಾನ್‌ನ ಕೈಯೂ ಇತ್ತು. ಕೆಳಗಿನೂರು ಗೆದ್ದಿತು. ಜನ ಕುಣಿದರು. ಇವನು ದಡದ ಮೇಲೆ ನಿಂತು ಗುಡ್ಡದ ಕಡೆ ನೋಡಿದ, ಅಲ್ಲಿ ಅಮ್ಮನ ಗೋರಿಯ ಹತ್ತಿರದ ವಾಲ್‌ನಟ್ ಮರ ಕಾಣುತ್ತಿತ್ತು. ಅವನು ಅತ್ತ. ಒದ್ದೆ ಮುಖವಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ಲಾಮ್ಜಿರಾಳಿಗೆ ತಿಳಿಯಿತು. ಬುಟ್ಟಿ ಹಿಡಿದು ಇಳಿದು ಬಂದವಳು ವಾಲಿಕೊನ ಎದುರು ನಿಂತಳು.

"ವಾಲಿಕೊ ಅಣ್ಣ, ಈ ಚೆಂಡು ಬೊಂದೊದು ತಾನೆ?"

"ಹೂಂನಮ್ಮ. ಬೊಂದೊದೇ."

"ಬೊಂದೊದು ಅಂದ್ರೆ ನಂದು. ನಾನು ಕೊಟ್ಟವರಿಗೆ." ಗಂಡನ ಕಡೆ ತಿರುಗಿದಳು. "ಹೊತ್ಕೊ. ಮೇಲಕ್ಕೆ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಕೆಳಗಿನೂರು ಗೆದ್ದ ಚೆಂಡು ಮೇಲಿನೂರಿನ ಮಣ್ಣಿಗೆ ಹೋದದ್ದನ್ನು ಅಜ್ಜಂದಿರೂ ಕಂಡಿರಲಿಲ್ಲ. ಗುಂಪಿನಲ್ಲಿ ಗುಜುಗುಜು ಎದ್ದಿತು. "ನಿನ್ನ ತಮ್ಮನ ಗತಿ?" ಎಂದು ಒಬ್ಬ ಕೇಳಿಯೂ ಬಿಟ್ಟ.

"ನನ್ ತಮ್ಮಂಗೆ ಬೇಕಾಗಿದ್ದದ್ದು ಇವತ್ತು ಸಿಕ್ತು. ನಾನು ನೋಡ್ದೆ," ಅಂದಳು ಲಾಮ್ಜಿರಾ. "ಹುಟ್ಟಿದೂರಿಗೋಸ್ಕರ ಬೇಕು ಅಂತ ಕೈ ಎತ್ತಿದವನು ಅಂತ ಅಂದ್ಕೊಂಡಿದ್ರಲ್ಲ, ಈಗ ಅನ್ನಿ!"

ವಾಲಿಕೊ ಕೆಸರು ಉಗಿದು ಮುಂದೆ ಬಂದ. "ನಡೀರಿ, ನಡೀರಿ. ನಾನು ಹೊಲಿದಿರೋ ಚೆಂಡು, ನಾನೂ ಬರ್ತೀನಿ."

ರಸ್ತೆಯುದ್ದಕ್ಕೂ ಮೇಲಿನೂರಿನ ಗಂಡಸರು ಎರಡೂ ಕಡೆ ನಿಂತಿದ್ದರು. ಸೋತವರು, ನಗಬೇಕೋ ಜಗಳ ತೆಗೆಯಬೇಕೋ ತಿಳಿಯದೆ ಟೋಪಿ ತೆಗೆದರು. ಮುರ್ಮಾನ್ ಚೆಂಡನ್ನು ಎದೆಗೆ ಒತ್ತಿಕೊಂಡು, ಯಾರೋ ಕಸಿದುಕೊಳ್ಳುತ್ತಾರೇನೋ ಎಂಬಂತೆ ಅರ್ಧ ನಡೆದು ಅರ್ಧ ಓಡಿ ಗುಡ್ಡ ಹತ್ತಿದ.

ಅಮ್ಮನ ಗೋರಿಯ ಹಸಿ ಮಣ್ಣಿನ ಎದುರು ಅವನಿಗೆ ಚೆಂಡು ಇಡುವುದಕ್ಕೇ ಆಗಲಿಲ್ಲ. ಬಗ್ಗಿದ, ಮತ್ತೆ ಎದ್ದ. ಎರಡು ಊರೂ ನೋಡುತ್ತಿದ್ದವು.

"ಒತ್ತೋ, ನೆಲಕ್ಕೆ ಒತ್ತು," ಎಂದ ವಾಲಿಕೊ ಹಿಂದಿನಿಂದ. "ಇಲ್ಲಿ ಒತ್ತಿದ್ರೆ ಯಾರೂ ಬೇಡ ಅನ್ನಲ್ಲ, ಮುರ್ಮಾನ್."

ಅವನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಮುರ್ಮಾನ್ ಮಂಡಿಯೂರಿ, ಎರಡೂ ಕೈಯಿಂದ ಚೆಂಡನ್ನು ಅಮ್ಮನ ಮಣ್ಣಿಗೆ ಒತ್ತಿದ. ಲಾಮ್ಜಿರಾ ಮೇಲೆ ವೈನು ಸುರಿದಳು, ಒಂದು ಕೆಂಪು ಮೊಟ್ಟೆಯನ್ನು ಗೋರಿಯ ಮೇಲೆ ಉರುಳಿಸಿದಳು, ರೊಟ್ಟಿ ಮುರಿದಳು. ಜನ ಹುಲ್ಲಿನ ಮೇಲೆ ಕೂತರು. ಅವನು ಆಗಲೇ ಎದ್ದು ನಿಂತು ಕೆಳಗಿನ ಸ್ಮಶಾನದ ಕಡೆ ನೋಡುತ್ತಿದ್ದ.

"ಇಳಿಯೋವಾಗ ಬೊಂದೊ ಹತ್ರ ಹೋಗೋಣ್ವಾ? ಈಗ್ಲೇ ಹೋಗ್ಬಿಡೋಣ್ವಾ?"

"ಹೋಗೋಣ," ಎಂದಳು ಲಾಮ್ಜಿರಾ. ಅವನ ಒದ್ದೆ ತೋಳು ಹಿಡಿದು ಎಳೆದಳು. "ಇಬ್ರೂ ಹೋಗೋಣ. ಮೊದ್ಲು ನಿಮ್ಮಮ್ಮನ ಹತ್ರ ಕೂತ್ಕೊ."

ಅವನು ಕೂತ.